ಕೈಯೂರದೆ ಏಳುವುದು

ಕಳೆದ ವರ್ಷ ಮೇ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ನೆಂಟರ ಮನೆಯಲ್ಲೊಂದು ಉಪನಯನ. ಈಗ ಉಪನಯನವೆಂದರೂ ಛತ್ರ, ಉದ್ದನೆಯ ಟೇಬಲ್ಲು, ಅದರ ಮೇಲೆ ಸುರುಳಿ ಬಿಚ್ಚಿ ಹಾಸಿದ ಬಿಳಿ ಪೇಪರು. ಆ ಮನೆಯ ಹಿರಿಯರು ಮಾತ್ರ ಹಟ ಹಿಡಿದು ಅಂಗಳದಲ್ಲೇ ಚಪ್ಪರ ಹಾಕಿಸಿ, ಊಟ ನೆಲದ ಮೇಲೇ ಆಗಬೇಕು ಅಂದಿದ್ದರಂತೆ. ಚಾಪೆ ಹಾಸಿ ಸಾಲಾಗಿ ಬಾಳೆಎಲೆ ಹಾಕಿದ್ದರು. ನನಗೂ ಖುಷಿಯೇ ಆಯಿತು. ಕೂತೆ. ನಿಜ ಹೇಳಬೇಕೆಂದರೆ ಮುಕ್ಕಾಲು ದಾರಿ ಕೂತೆ, ಉಳಿದ ಕಾಲು ದಾರಿ ಬಿದ್ದೆ. ಅದನ್ನು ಯಾರೂ ಗಮನಿಸಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನಕಾಯಿ ಪಲ್ಯ, ಎರಡು ಥರದ ಪಾಯಸ ಬರುವ ಹೊತ್ತಿಗೆ ನಾನೂ ಮರೆತಿದ್ದೆ.

ಪಂಚಾಯಿತಿ ಶುರುವಾದದ್ದು ಏಳುವಾಗ. ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೇ ಏಳುತ್ತಾರೆ. ಬಲಗೈ ಎಂಜಲು, ನೆಲಕ್ಕೆ ಊರುವಂತಿಲ್ಲ. ಇರುವುದು ಎಡಗೈ ಒಂದೇ. ರೇಷ್ಮೆ ಸೀರೆಯ ನೆರಿಗೆ ಬೇರೆ ಕಾಲ್ಬೆರಳಿನಡಿ ಸಿಕ್ಕಿಕೊಂಡಿತ್ತು. ಎಡಗೈ ಊರಿ ಅರ್ಧ ಎದ್ದೆ, ಮತ್ತೆ ಕೂತೆ. ಮಂಡಿ ಊರಿ ಭಾರ ಹಾಕೋಣವೆಂದರೆ ಮಂಡಿಯ ಕೆಳಗೆ ಸೆರಗು. ಅಷ್ಟರಲ್ಲಿ ಎದುರು ಸಾಲಿನವರೆಲ್ಲ ಎದ್ದು ಕೈ ತೊಳೆಯಲು ಹೊರಟಾಗಿತ್ತು. ಮಜ್ಜಿಗೆ ಬಡಿಸುತ್ತಿದ್ದ ಹುಡುಗ, ಇನ್ನೂ ಮೀಸೆ ಮೂಡದವನು, ಜಗ್ಗನ್ನು ಒಂದು ಕೈಗೆ ಬದಲಾಯಿಸಿಕೊಂಡು ಇನ್ನೊಂದು ಕೈ ಚಾಚಿದ. "ಹಿಡ್ಕೊಳ್ಳಿ ಆಂಟಿ." ಹಿಡಿದುಕೊಂಡೆ. ನನಗೆ 47. ನನ್ನ ಪಕ್ಕದಲ್ಲೇ ಉಂಡ ನಮ್ಮತ್ತೆಗೆ 74. ಅವರು ಆಗಲೇ ಎದ್ದು ನಿಂತು, ಎಂಜಲು ಕೈಯನ್ನು ಮೈಗೆ ತಾಗದಂತೆ ಹಿಡಿದುಕೊಂಡು, ಚಪ್ಪರಕ್ಕೆ ಕಟ್ಟಿದ್ದ ಮಾವಿನ ತೋರಣವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಅವರು ಹಾಗೆ ತೋರಣ ನೋಡಿದ್ದೇ ನನ್ನನ್ನು ಕಾಡಿದ್ದು. "ಏನೇ ಇದು, ಈ ವಯಸ್ಸಿಗೇ" ಅಂತ ಬೈದಿದ್ದರೆ ನಕ್ಕುಬಿಡುತ್ತಿದ್ದೆ.

ಊರಿಗೆ ಬಂದ ಮೇಲೆ ಇಂಥದ್ದಕ್ಕೂ ಒಂದು ಪರೀಕ್ಷೆ ಇದೆ ಎಂದು ಗೊತ್ತಾಯಿತು. ಬ್ರೆಜಿಲ್‌ನ ವೈದ್ಯರು 51ರಿಂದ 80 ವರ್ಷದ ಸುಮಾರು 2000 ಮಂದಿಯನ್ನು ನೆಲದ ಮೇಲೆ ಕೂರಿಸಿ ಎಬ್ಬಿಸಿ, ಅಂಕ ಕೊಟ್ಟು, 2012ರಲ್ಲಿ ಅದರ ವರದಿ ಪ್ರಕಟಿಸಿದ್ದಾರೆ. ಕೂರುವುದಕ್ಕೆ 5, ಏಳುವುದಕ್ಕೆ 5. ಕೈ ಊರಿದರೆ ಒಂದಂಕ ಕಟ್. ಮಂಡಿ ಊರಿದರೆ ಒಂದು. ತೊಡೆಗೆ ಕೈ ಒತ್ತಿಕೊಂಡರೂ ಒಂದು. ಬರೀ ತೂರಾಡಿದರೆ ಅರ್ಧ. ಕಡಿಮೆ ಅಂಕ ಬಂದವರಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ಸತ್ತವರು ಹೆಚ್ಚು ಅಂತ ಅದರ ಸಾರ. ಹಾಗಂತ ದಿನಾ ಕೂತೆದ್ದು ಅಭ್ಯಾಸ ಮಾಡಿಕೊಂಡರೆ ಯಮ ವಾಪಸ್ ಹೋಗುತ್ತಾನೆ ಎಂದು ಅದರ ಅರ್ಥವಲ್ಲ. ಕಾಲಿನ ಬಲ, ಕೀಲುಗಳ ಬಳುಕು, ಹಿಡಿತ ಎಲ್ಲ ಸೇರಿ ಮೈಯ ಸ್ಥಿತಿ ಹೇಗಿದೆ ಅನ್ನುವುದಕ್ಕೆ ಅದೊಂದು ಕುರುಹು, ಅಷ್ಟೆ. ಮನೆಯ ಹಾಲಿನಲ್ಲಿ ಚಾಪೆ ಹಾಸಿ ನಮ್ಮದೇ ಪರೀಕ್ಷೆ ನಡೆಸಿದೆ. ನನಗೆ ಐದೂವರೆ. ಅತ್ತೆಗೆ 9, ಏಳುವಾಗ ತೊಡೆಗೊಂದು ಕೈ ಕೊಟ್ಟರು ಅಂತ ಒಂದು ಕಟ್. ನಮ್ಮೆಜಮಾನರು ಪೇಪರ್ ಓದುವುದು ಇನ್ನೂ ಮುಗಿದಿಲ್ಲ ಎಂದು ಪರೀಕ್ಷೆಗೆ ಗೈರುಹಾಜರಾದರು.

ಸೊಂಟದ ಎತ್ತರದ ಮನೆ

ಅಂಕಪಟ್ಟಿ ಮುಂದಿಟ್ಟುಕೊಂಡು ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ನೆಲದ ಮಟ್ಟದಲ್ಲಿ ನಡೆಯುವ ಕೆಲಸ ಒಂದೂ ಇಲ್ಲ. ಒಲೆ ಕಟ್ಟೆಯ ಮೇಲೆ. ಒರಳಿನ ಬದಲು ಮಿಕ್ಸಿ, ಅದೂ ಕಟ್ಟೆಯ ಮೇಲೆ. ಪಾತ್ರೆ ತೊಳೆಯುವ ಸಿಂಕು ಸೊಂಟಕ್ಕೆ, ನೆಲ ಒರೆಸುವ ಕೋಲಿನ ಹಿಡಿ ಎದೆಗೆ. ಊಟಕ್ಕೆ ಟೇಬಲ್ಲು, ಕೊನೆಗೆ ಕಮೋಡು. ಹದಿನೈದು ವರ್ಷದ ಹಿಂದೆ ಈ ಮನೆ ಕಟ್ಟಿಸುವಾಗ ಒಂದೊಂದನ್ನೂ ನಾವೇ ಇಷ್ಟಪಟ್ಟು ಮೇಲೆತ್ತಿದ್ದೆವು. ಆಮೇಲೆ ಕಚೇರಿಯಲ್ಲಿ ಏಳು ಗಂಟೆ ಕುರ್ಚಿ, ಸ್ಕೂಟರ್ ಸೀಟು, ಸಂಜೆ ಸೋಫಾ. ದಿನವೆಲ್ಲ ಓಡಾಡಿ ಸುಸ್ತಾಗಿದ್ದೇನೆ ಅಂದುಕೊಳ್ಳುತ್ತೇನೆ, ಆದರೆ ನನ್ನ ಮಂಡಿ ಪೂರ್ತಿ ಮಡಚಿ ಬಿಚ್ಚುವ ಕೆಲಸ ದಿನಕ್ಕೆ ಒಂದು ಸಲವೂ ಬರುವುದಿಲ್ಲ. ಅತ್ತೆ ಮಾತ್ರ ಇನ್ನೂ ನೆಲ ಬಿಟ್ಟಿಲ್ಲ. ಸೊಪ್ಪು ಬಿಡಿಸುವುದು ನೆಲದಲ್ಲಿ, ಈಳಿಗೆ ಮಣೆ ನೆಲದಲ್ಲಿ, ಹೂ ಕಟ್ಟುವುದು, ಹತ್ತಿ ಬತ್ತಿ ಹೊಸೆಯುವುದು ಎಲ್ಲ ನೆಲದಲ್ಲೇ. ಫೋನ್ ಬಂದರೆ ಎದ್ದು ಹೋಗುತ್ತಾರೆ, ಮತ್ತೆ ಬಂದು ಕೂರುತ್ತಾರೆ. ಲೆಕ್ಕ ಹಾಕಿದರೆ ದಿನಕ್ಕೆ ಇಪ್ಪತ್ತು ಸಲಕ್ಕೆ ಮೋಸವಿಲ್ಲ.

ಇದನ್ನೆಲ್ಲ ಒಂದು ದೊಡ್ಡ ಸತ್ಯ ಕಂಡುಹಿಡಿದವಳಂತೆ ಅತ್ತೆಗೆ ಹೇಳಿದೆ. ಹಿಂದಿನವರ ಜೀವನಕ್ರಮದಲ್ಲೇ ಎಂಥ ವ್ಯಾಯಾಮವಿತ್ತು ನೋಡಿ ಅಂತ. ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ನಾವೇನು ಆಸೆಪಟ್ಟು ನೆಲದ ಮೇಲೆ ಕೂತ್ವಾ? ಮನೇಲಿದ್ದಿದ್ದೇ ಒಂದು ಕುರ್ಚಿ. ಅದ್ರಲ್ಲಿ ನಿಮ್ಮ ಮಾವನೋರು ಕೂರ್ತಿದ್ರು." ಆಮೇಲೆ, ನೀರು ಹೊತ್ತು ಹೊತ್ತು ಮೂವತ್ತೈದಕ್ಕೇ ಸೊಂಟ ಹಿಡಿದು ಮಲಗಿದ ತಮ್ಮ ಅಕ್ಕನ ಕತೆ ಹೇಳಿದರು. ಹಳೆಯ ಕಾಲವನ್ನು ಹೊಗಳುವ ನನ್ನ ಉತ್ಸಾಹ ಅಲ್ಲಿಗೆ ಇಳಿಯಿತು. ಅವರ ಮೈ ಗಟ್ಟಿಯಾಗಿ ಉಳಿದದ್ದಕ್ಕೆ ಅವರು ಕೊಟ್ಟ ಬೆಲೆ ಏನೆಂದು ನನಗೆ ಗೊತ್ತಿಲ್ಲ. ನಾನಂತೂ ಒರಳುಕಲ್ಲಿಗೆ ವಾಪಸ್ ಹೋಗುವವಳಲ್ಲ. ಹಾಗಿದ್ದರೆ ಮಾಡುವುದೇನು? ಕೆಲಸದಲ್ಲಿ ತಾನಾಗಿ ಸಿಗುತ್ತಿದ್ದದ್ದನ್ನು ಈಗ ಬೇಕೆಂದೇ, ಸುಮ್ಮಸುಮ್ಮನೆ, ಯಾವ ಉಪಯೋಗಕ್ಕೂ ಇಲ್ಲದೆ ಮಾಡಬೇಕು. ಏನೂ ಕುಟ್ಟದೆ, ಏನೂ ಬೀಸದೆ, ಬರಿದೇ ಕೂತು ಏಳಬೇಕು. ನನ್ನಂಥವಳಿಗೆ ವ್ಯಾಯಾಮದ ಮೊದಲ ಮುಜುಗರ ಇಲ್ಲೇ ಇತ್ತು ಅಂತ ಈಗ ಅನಿಸುತ್ತದೆ.

ಸಾವಿರ ಮೆಟ್ಟಿಲು

ಆದರೆ ಇಷ್ಟೆಲ್ಲ ಯೋಚನೆ ಬಂದದ್ದು ಆಮೇಲೆ. ಮೊದಲು ನಾನು ಮಾಡಿದ್ದು, ಹೊಸದಾಗಿ ಶುರು ಮಾಡುವವರೆಲ್ಲ ಮಾಡುವ ಕೆಲಸವನ್ನೇ. ಮೈಗೆ ಎಷ್ಟು ಸಾಧ್ಯ ಎಂದು ಕೇಳದೆ, ಅವಮಾನ ಎಷ್ಟು ಆಗಿತ್ತೋ ಅಷ್ಟು ದೊಡ್ಡ ಸಂಕಲ್ಪ ಮಾಡಿದೆ. ಜೂನ್ ತಿಂಗಳ ಮೊದಲ ಭಾನುವಾರ, ಹೊಸ ಶೂ ಹಾಕಿಕೊಂಡು ಬೆಳಗಿನ ಜಾವ ಚಾಮುಂಡಿ ಬೆಟ್ಟದ ಪಾದಕ್ಕೆ ಹೋದೆ.

ದೊಡ್ಡ ದೇವರಾಜ ಒಡೆಯರ ಕಾಲದ, ಸುಮಾರು ಸಾವಿರ ಮೆಟ್ಟಿಲು. ಮೈಸೂರಿನವರಿಗೆ ಹೇಳಬೇಕಾದ್ದಿಲ್ಲ, ಮೊದಲ ಭಾಗವೇ ಕಡಿದು. ಇನ್ನೂರು ಹತ್ತುವಷ್ಟರಲ್ಲಿ ಕಿವಿಯೊಳಗೆ ಎದೆ ಬಡಿತ ಕೇಳುತ್ತಿತ್ತು. ಒಂದು ಮೆಟ್ಟಿಲ ಮೇಲೆ ಕೂತೆ. ಕೆಳಗಿನಿಂದ ಒಬ್ಬ ಹೆಂಗಸು ತಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಹರಕೆಯಿರಬೇಕು, ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ, ಆಮೇಲೆ ಕುಂಕುಮ, ಆಮೇಲೆ ಒಂದು ಹೂವಿನೆಸಳು. ಬಗ್ಗುವುದು, ಹಚ್ಚುವುದು, ನೆಟ್ಟಗಾಗುವುದು, ಒಂದು ಮೆಟ್ಟಿಲು ಹತ್ತುವುದು. ನನ್ನ ಹತ್ತಿರ ಬಂದು ನಿಂತರು. "ಒಸಿ ಪಕ್ಕಕ್ಕೆ ಸರಿಯವ್ವ, ಆ ಮೆಟ್ಲಿಗೆ ಹಚ್ಬೇಕು." ಎದ್ದೆ. ದಡದಡನೆ ಇನ್ನೊಂದು ಐವತ್ತು ಹತ್ತಿ ಮತ್ತೆ ಕೂತೆ. ಉಸಿರು ಹದಕ್ಕೆ ಬರುವಷ್ಟರಲ್ಲಿ ಮತ್ತೆ ಅವರೇ. "ಒಸಿ ಸರಿಯವ್ವ." ನಂದಿ ತಲುಪುವಷ್ಟರಲ್ಲಿ ನಾಲ್ಕು ಸಲ ಎಬ್ಬಿಸಿದರು. ಅವರ ಬೆರಳುಗಳು ಮುಂಗೈವರೆಗೂ ಹಳದಿಯಾಗಿದ್ದವು. ಒಮ್ಮೆಯೂ ಕೂತದ್ದು ಕಾಣಲಿಲ್ಲ. ನಾಲ್ಕನೆಯ ಸಲ ನನ್ನ ಮುಖ ನೋಡಿ ಅವರಿಗೇ ನಗು ಬಂತು, ತಟ್ಟೆಯಿಂದ ನನಗೂ ಕುಂಕುಮ ಕೊಟ್ಟರು.

ನಂದಿ ಇರುವುದು ಏಳುನೂರನೆಯ ಮೆಟ್ಟಿಲಿನ ಆಸುಪಾಸು. ಅಲ್ಲಿಗೆ ನಿಲ್ಲಿಸಬಹುದಿತ್ತು, ಅಲ್ಲಿಂದ ರಸ್ತೆಯೂ ಇದೆ. ಹಟ ಮಾಡಿ ಮೇಲಕ್ಕೂ ಹೋದೆ, ತಾಯಿಗೆ ಕೈ ಮುಗಿದೆ, ಫೋಟೋ ತೆಗೆದು ಕಚೇರಿಯ ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ಇಳಿಯುವುದು ಸಲೀಸು ಅಂದುಕೊಂಡು ಮೆಟ್ಟಿಲಲ್ಲೇ ಇಳಿದೆ. ಅರ್ಧ ದಾರಿಗೆ ತೊಡೆ ಗಡಗಡ ನಡುಗಲು ಶುರುವಾಯಿತು. ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿದೆ. ಮಂಗಳವಾರ ಅದಕ್ಕಿಂತ ಕಷ್ಟ. ಕಮೋಡನ್ನು ಕಂಡುಹಿಡಿದವರಿಗೆ ಆ ಎರಡು ದಿನ ನಾನು ಸಲ್ಲಿಸಿದಷ್ಟು ವಂದನೆಯನ್ನು ಮೈಸೂರಿನಲ್ಲಿ ಯಾರೂ ಸಲ್ಲಿಸಿರಲಾರರು, ಅದರ ಮೇಲೂ ಕೂತದ್ದಲ್ಲ, ಬಿದ್ದದ್ದೇ.

ಇದಕ್ಕೆ ಕಾರಣ ಹತ್ತಿದ್ದು ಅಂದುಕೊಂಡಿದ್ದೆ. ಅಲ್ಲವಂತೆ, ಇಳಿದದ್ದು. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ನಮ್ಮನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾ ಬ್ರೇಕಿನಂತೆ ಭಾರ ತಡೆಯಬೇಕು. ಅಭ್ಯಾಸವಿಲ್ಲದ ಎಳೆಗಳು ಆಗಲೇ ಅಲ್ಲಲ್ಲಿ ಸೂಕ್ಷ್ಮವಾಗಿ ಹರಿಯುವುದು. ನೋವು ಅಂದೇ ಬರುವುದಿಲ್ಲ, ಒಂದರಿಂದ ಮೂರನೆಯ ದಿನದೊಳಗೆ ಮೇಲಕ್ಕೇರುತ್ತದೆ. ಜಿಮ್ಮಿನ ಹುಡುಗರು ಲ್ಯಾಕ್ಟಿಕ್ ಆಸಿಡ್ ಅನ್ನುತ್ತಾರೆ. ಅದಾದರೆ ಗಂಟೆ ಎರಡು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ, ಮಂಗಳವಾರದವರೆಗೆ ನಮಗಾಗಿ ಕಾದು ಕೂತಿರುವುದಿಲ್ಲ. ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಅದೇ ಕೆಲಸವನ್ನು ಮೊದಲು ಸ್ವಲ್ಪವೇ ಸ್ವಲ್ಪ ಮಾಡಿದ್ದರೆ, ಕೆಲವು ದಿನ ಬಿಟ್ಟು ಹೆಚ್ಚು ಮಾಡಿದಾಗ ನೋವು ಎಷ್ಟೋ ಕಡಿಮೆಯಂತೆ. ಸ್ನಾಯು ಮೊದಲ ಪೆಟ್ಟನ್ನು ನೆನಪಿಟ್ಟುಕೊಳ್ಳುತ್ತದೆ. ಅಂದರೆ ನಂದಿಯವರೆಗೂ ಬೇಕಿರಲಿಲ್ಲ, ಆ ಹೆಂಗಸು ನನ್ನನ್ನು ಮೊದಲ ಸಲ ಎಬ್ಬಿಸಿದಲ್ಲಿಂದಲೇ ವಾಪಸ್ ಬಂದಿದ್ದರೆ ಸಾಕಿತ್ತು. ಆದರೆ ಇನ್ನೂರು ಮೆಟ್ಟಿಲಿನಿಂದ ವಾಪಸ್ ಬಂದೆ ಅಂತ ವಾಟ್ಸಾಪ್‌ನಲ್ಲಿ ಫೋಟೋ ಹಾಕುವುದು ಹೇಗೆ?

ಹೊಸ ಶೂ ಒಂದು ತಿಂಗಳು ಡಬ್ಬದಲ್ಲಿ ಮಲಗಿತು.

ಕಿವಿ ಹಿಡಿದುಕೊಂಡು

ಜುಲೈನಲ್ಲಿ ವರ್ಷದ ರಕ್ತಪರೀಕ್ಷೆ. ಮೂರು ತಿಂಗಳ ಸರಾಸರಿ ಹೇಳುವ ಶುಗರ್ (ಎಚ್‌ಬಿಎ1ಸಿ) 6.1. ಡಾಕ್ಟರು "ಬಾರ್ಡರ್" ಅಂದರು. 5.7ರಿಂದ 6.4ರವರೆಗೆ ಆ ಗಡಿರೇಖೆ, 6.5 ಮುಟ್ಟಿದರೆ ಆಚೆ ದೇಶ, ಅಂದರೆ ಸಕ್ಕರೆ ಕಾಯಿಲೆ. "ವಾಕಿಂಗ್ ಮಾಡಿ, ಜೊತೆಗೆ ಕಾಲಿನ ಬಲಕ್ಕೆ ಏನಾದ್ರೂ ಮಾಡಿ, ಸ್ಕ್ವಾಟ್ಸ್ ಥರ" ಅಂದರು. ಮನೆಗೆ ಬಂದು ಸ್ಕ್ವಾಟ್ಸ್ ಅಂದರೇನು ಎಂದು ವಿಡಿಯೋ ನೋಡಿದರೆ, ಅಯ್ಯೋ, ಬಸ್ಕಿ.

ಬಸ್ಕಿಯ ವಿಷಯದಲ್ಲಿ ನನಗೆ ಅನುಭವವಿಲ್ಲ ಎನ್ನುವಂತಿಲ್ಲ. ಏಳನೆಯ ಕ್ಲಾಸಿನಲ್ಲಿ ಒಂದು ಸೋಮವಾರ ಪ್ರಾರ್ಥನೆಗೆ ತಡವಾಗಿ ಹೋದದ್ದಕ್ಕೆ ಮೈದಾನದ ಧ್ವಜಕಟ್ಟೆಯ ಎದುರು 25 ಬಸ್ಕಿ ಹೊಡೆಸಿದ್ದರು, ಎಡಗೈಯಲ್ಲಿ ಬಲಗಿವಿ, ಬಲಗೈಯಲ್ಲಿ ಎಡಗಿವಿ. ಹದಿನೈದು ಆಗುವಷ್ಟರಲ್ಲಿ ಲಂಗದ ಕೊಕ್ಕೆ ಕಿತ್ತು ಬಂತು. ಕಿವಿ ಬಿಡುವಂತಿಲ್ಲ, ಲಂಗ ಹಿಡಿಯದೆ ಇರುವಂತಿಲ್ಲ. ಒಂದು ಕಿವಿ ಬಿಟ್ಟು ಲಂಗ ಹಿಡಿದೆ. ಮೇಷ್ಟ್ರು ಮತ್ತೆ ಒಂದರಿಂದ ಎಣಿಸಿದರು. ಹಿಂದೆ ಇಡೀ ಶಾಲೆ ಸಾಲಾಗಿ ನಿಂತಿತ್ತು. ಆಮೇಲೆ ಮನೆಯ ಹತ್ತಿರದ ಗಣಪತಿ ಗುಡಿಯಲ್ಲೂ ಅದೇ ಭಂಗಿ. ಪರೀಕ್ಷೆಗೆ ಮುಂಚೆ ಕಿವಿ ಹಿಡಿದು ಐದು ಬಸ್ಕಿ, ತಪ್ಪಾಯ್ತು ಸ್ವಾಮಿ. ಅಂದರೆ ನನ್ನ ಮೈಗೆ ಗೊತ್ತಿದ್ದ ಮಟ್ಟಿಗೆ ಬಸ್ಕಿ ಎಂಬುದು ತಪ್ಪು ಮಾಡಿದವರು ಮಾಡುವ ಕೆಲಸ. ಗರಡಿಮನೆಯಲ್ಲಿ ಅದನ್ನೇ ಗಂಡಸರು ಮೀಸೆ ತಿರುವಿಕೊಂಡು ನೂರುಗಟ್ಟಲೆ ಹೊಡೆಯುತ್ತಾರೆ, ಅದಕ್ಕೆ ಸಾಮು ಅನ್ನುತ್ತಾರೆ. ಆದರೆ ಗರಡಿ ನಮ್ಮ ಬೀದಿಯಲ್ಲೇ ಇದ್ದರೂ ಅದರ ಬಾಗಿಲೊಳಗೆ ಹೆಣ್ಣುಮಕ್ಕಳು ಇಣುಕುವಂತಿರಲಿಲ್ಲ.

ಈ ಊರಿನಲ್ಲೇ ಹುಟ್ಟಿ ಬೆಳೆದವಳು ಹೀಗೆ ಹೇಳುವುದು ತಮಾಷೆಯಾಗಿ ಕಾಣಬಹುದು. 1930ರ ದಶಕದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರು. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಜಗತ್ತಿನ ಮೂಲೆಮೂಲೆಯಿಂದ ಜನ ಗೋಕುಲಂಗೆ ಬರುತ್ತಾರೆ. ಚಾಪೆ ಸುತ್ತಿ ಬೆನ್ನಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಹೋಗುವ ವಿದೇಶಿಯರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಎಳನೀರಿನ ಗಾಡಿಯ ಮುಂದೆ ಬೆವರಿ ನಿಂತ ಅವರಿಗೆ ಏನೂ ಮುಜುಗರವಿಲ್ಲ. ಅವರು ಪರ ಊರಿನಲ್ಲಿರುವವರು, ಯಾರೂ ಗುರುತಿನವರಿಲ್ಲ ಅಂತ ನಾನು ಅಂದುಕೊಳ್ಳುವುದು. ನನಗೋ, ಬೀದಿಯ ಕೊನೆಯವರೆಗೆ ಬಿರುಸಾಗಿ ನಡೆದರೆ ನಾಲ್ಕು ಗೇಟಿನಿಂದ ಪ್ರಶ್ನೆ ಬರುತ್ತದೆ. ನಲವತ್ತೇಳರಲ್ಲಿ ನನಗೆ ಅಡುಗೆ ಬರುತ್ತದೆ, ಲೆಕ್ಕಪತ್ರ ಬರುತ್ತದೆ, ಕಚೇರಿಯಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುತ್ತೇನೆ. ಗೊತ್ತಿಲ್ಲದ್ದನ್ನು ಎಲ್ಲರ ಎದುರು ತಪ್ಪುತಪ್ಪಾಗಿ ಮಾಡಿ ಎಷ್ಟು ವರ್ಷವಾಯಿತೋ. ಸ್ಕೂಟರ್ ಕಲಿತದ್ದೇ ಕೊನೆ ಇರಬೇಕು. ಮೈ ನೋವನ್ನಾದರೂ ತಡೆದುಕೊಳ್ಳಬಹುದು, ಈ ಒಂದನೇ ಕ್ಲಾಸಿನ ಬೆಂಚಿನಲ್ಲಿ ಕೂರುವುದಿದೆಯಲ್ಲ, ಅದು ಬಹಳ ಕಷ್ಟ.

ಮೂರು ಕೂಗು

ಹಾಗಾಗಿ ಅಡುಗೆಮನೆಯ ಬಾಗಿಲು ಮುಂದಕ್ಕೆ ಹಾಕಿಕೊಂಡು ಶುರು ಮಾಡಿದೆ. ಬೆಳಿಗ್ಗೆ ಬೇಳೆ, ಅಕ್ಕಿ ಇಟ್ಟ ಮೇಲೆ ಕುಕ್ಕರು ಮೂರು ಸಲ ಕೂಗುವವರೆಗೆ ನಾನು ಅಲ್ಲೇ ನಿಂತಿರುತ್ತೇನೆ, ಫೋನು ನೋಡುತ್ತಾ. ಆ ಹೊತ್ತನ್ನೇ ಹಿಡಿದುಕೊಂಡೆ. ಬಸ್ಕಿಯಂತೂ ಆಗದು, ಹಾಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿ. ಕೈ ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಏಳುವುದು, ನಿಧಾನವಾಗಿ ಕೂರುವುದು. ಧೊಪ್ಪನೆ ಬೀಳುವಂತಿಲ್ಲ, ಬೆಟ್ಟ ಇಳಿಯುವ ಪಾಠ ಅದೇ ತಾನೆ. ಮೊದಲ ದಿನ ಐದು. ಐದೇ. ಇನ್ನೂ ಮಾಡಬಹುದು ಅನಿಸಿತು, ಮಾಡಲಿಲ್ಲ. ಆಮೇಲೆ ಗೋಡೆಗೆ ಕೈ ಕೊಟ್ಟು ಮುಂದಕ್ಕೆ ಬಾಗಿ ಹಿಂದಕ್ಕೆ ತಳ್ಳುವುದು ಐದು. ದೋಸೆ ಹುಯ್ಯುವಾಗ ಹಿಮ್ಮಡಿ ಎತ್ತಿ ಇಳಿಸುವುದು.

ಆಗ ಆಷಾಢ. ಎರಡನೆಯ ದಿನವೇ ಅತ್ತೆ ಬಾಗಿಲು ತಟ್ಟಿದರು. "ಒಳಗೆ ಏನೇ ಮಾಡ್ತಿದ್ದೀಯ, ಕುರ್ಚಿ ಎಳೆದಾಡೋ ಸದ್ದು?" ಹೇಳಿದೆ. "ಆಷಾಢದಲ್ಲಿ ಯಾರಾದ್ರೂ ಹೊಸದು ಶುರು ಮಾಡ್ತಾರಾ? ಶ್ರಾವಣ ಬರ್ಲಿ." ಒಂದು ಕ್ಷಣ ಬಹಳ ಆಸೆಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಸೋಮವಾರದಿಂದ, ಒಂದನೇ ತಾರೀಕಿನಿಂದ, ಯುಗಾದಿಯಿಂದ ಅಂತ ನಾನು ಮುಂದೂಡಿದ ವರ್ಷಗಳೆಷ್ಟೋ. ಶ್ರಾವಣ ಬಂದಾಗ ಹಬ್ಬಗಳ ಸಾಲು, ಗೌರಿ ಗಣೇಶ, ಪಿತೃಪಕ್ಷ, ದಸರಾ ನೆಂಟರು. ಆಷಾಢದಲ್ಲೇ ಮುಂದುವರಿಸಿದೆ. ಅಭ್ಯಾಸಕ್ಕೆ 21 ದಿನ ಸಾಕು ಅಂತ ಎಲ್ಲರೂ ಹೇಳುತ್ತಾರಲ್ಲ, ಲಂಡನ್ನಿನಲ್ಲಿ ಅದನ್ನು ಕೂತು ಅಳೆದು 2010ರಲ್ಲಿ ವರದಿ ಮಾಡಿದವರಿಗೆ ಸಿಕ್ಕಿದ್ದು ಸರಾಸರಿ 66 ದಿನ. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ಬೇಕಾಗುವ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡುವುದಿಲ್ಲ ಎಂಬುದೂ ಅದರಲ್ಲೇ ಇದೆ. ಈ ಕೊನೆಯ ಮಾತು ನನಗೆ ದೊಡ್ಡ ಉಪಕಾರ ಮಾಡಿತು. ಏಕಾದಶಿ ಉಪವಾಸದ ಥರ, ಒಂದು ತುತ್ತು ತಿಂದರೆ ವ್ರತವೇ ಕೆಟ್ಟಿತು ಎಂಬ ಲೆಕ್ಕದಲ್ಲಿ ನಾನು ಎಲ್ಲವನ್ನೂ ಬಿಡುತ್ತಾ ಬಂದವಳು.

ಮೂರನೆಯ ವಾರದ ಹೊತ್ತಿಗೆ ಐದು ಇದ್ದದ್ದು ಎರಡು ಸಲ ಹತ್ತು ಆಯಿತು. ಮಾಂಸಖಂಡ ಬೆಳೆಯಿತು ಅಂತ ತೊಡೆಗೆ ಟೇಪು ಹಿಡಿದು ನೋಡಿದೆ, ಏನೂ ಇಲ್ಲ. ಶುರುವಿನ ವಾರಗಳಲ್ಲಿ ಬರುವ ಬಲ ಹೆಚ್ಚಾಗಿ ನರಗಳದ್ದಂತೆ. ಮಿದುಳು, ಇಷ್ಟು ದಿನ ಕೆಲಸಕ್ಕೆ ಕರೆಯದೆ ಬಿಟ್ಟಿದ್ದ ಎಳೆಗಳನ್ನು ಒಟ್ಟಿಗೆ ಕರೆಯಲು ಕಲಿಯುತ್ತದೆ. ಆಳುಗಳು ಅಷ್ಟೇ, ಹಾಜರಿ ಜಾಸ್ತಿ. ಕುರ್ಚಿ ಸಲೀಸಾದ ಮೇಲೆ ಮಂಚದ ಅಂಚು, ಅದಕ್ಕಿಂತ ಒಂದು ಗೇಣು ತಗ್ಗು. ಅದಾದ ಮೇಲೆ ಬಚ್ಚಲುಮನೆಯ ಪ್ಲಾಸ್ಟಿಕ್ ಸ್ಟೂಲು. ಜಿಮ್ಮಿನವರು ಒಂದೊಂದೇ ತೂಕದ ಬಿಲ್ಲೆ ಏರಿಸುತ್ತಾರೆ, ನಾನು ಮನೆಯ ಸಾಮಾನುಗಳಲ್ಲಿ ಒಂದೊಂದೇ ಮೆಟ್ಟಿಲು ಇಳಿದೆ. ಕೊನೆಗೆ ಇರುವುದು ಊಟದ ಮಣೆ. ಅಲ್ಲಿಗೆ ತಲುಪುವಷ್ಟರಲ್ಲಿ ದೀಪಾವಳಿ ಆಗಿತ್ತು. ಈಗಲೂ ಮಣೆಯಿಂದ ಏಳುವಾಗ ಒಂದು ಬೆರಳು ನೆಲ ಮುಟ್ಟುತ್ತದೆ. ಬೆರಳಿಗೆ ಅರ್ಧ ಅಂಕ ಕಟ್ ಮಾಡಿದರೆ ಸಾಕು ಎಂದು ನನ್ನದೇ ತೀರ್ಪು.

ಬೆಳಗಿನ ನಲವತ್ತು ನಿಮಿಷ

ನಡಿಗೆಯ ಬಗ್ಗೆ ಬರೆಯಲು ಅಷ್ಟಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿ ನಮ್ಮ ಮನೆಗೆ ಹತ್ತಿರ. ಆದರೆ ಹೊಸಬರಿಗೆ ಕೆರೆಯ ಸುತ್ತಿನಂಥ ಮೋಸ ಇನ್ನೊಂದಿಲ್ಲ. ಒಂದು ಸುತ್ತು ನಾಲ್ಕು ಕಿಲೋಮೀಟರಿಗೂ ಜಾಸ್ತಿ, ಅರ್ಧಕ್ಕೆ ಸುಸ್ತಾದರೆ ಮುಂದೆ ಹೋದರೂ ಅಷ್ಟೇ, ಹಿಂದೆ ಬಂದರೂ ಅಷ್ಟೇ. ಹಾಗಾಗಿ ಗಡಿಯಾರ ನೋಡಿಕೊಂಡು ಏಳು ನಿಮಿಷ ಹೋಗುವುದು, ತಿರುಗಿ ಏಳು ನಿಮಿಷ ಬರುವುದು. ಮಾತಾಡಬಹುದು, ಆದರೆ ಹಾಡು ಹೇಳಲು ಉಸಿರು ಸಾಲದು ಅನ್ನುವಷ್ಟು ಬಿರುಸು. ವಾರಕ್ಕೆ ಒಟ್ಟು 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಜೊತೆಗೆ ವಾರಕ್ಕೆರಡು ದಿನ ಸ್ನಾಯುಬಲದ ವ್ಯಾಯಾಮ. ಅಲ್ಲಿಗೆ ಮುಟ್ಟಲು ನನಗೆ ಮೂರು ತಿಂಗಳು ಬೇಕಾಯಿತು. ಹತ್ತು ಸಾವಿರ ಹೆಜ್ಜೆಯ ಗೋಜಿಗೆ ಹೋಗಲಿಲ್ಲ. ಅದು 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದಕ್ಕಿಟ್ಟ ಹೆಸರಿನಿಂದ ಬಂದ ಸಂಖ್ಯೆ. ಇದೇ ಏರಿಯ ಮೇಲೆ ಕುವೆಂಪು ನಡೆಯುತ್ತಿದ್ದರು ಅಂತ ಪ್ರತಿ ಮೈಸೂರಿಗನೂ ಹೇಳುತ್ತಾನೆ. ಅವರು ಹೆಜ್ಜೆ ಎಣಿಸಿರಲಾರರು, ಬಣ್ಣದ ಕೊಕ್ಕರೆ ಎಣಿಸಿದ್ದರೆ ಎಣಿಸಿರಬಹುದು.

ಕಷ್ಟವಾದದ್ದು ಮನೆಯಿಂದ ಹೊರಬೀಳುವುದು. ನಮ್ಮೆಜಮಾನರು ಹತ್ತು ವರ್ಷದಿಂದ ಮನಸ್ಸು ಬಂದಾಗ ವಾಕಿಂಗ್ ಹೋಗುತ್ತಾರೆ. ಯಾರಾದರೂ ಕೇಳಿದರೆ "ವಾಕಿಂಗ್ ಹೋಗಿದಾರೆ", ಅಷ್ಟೇ ಉತ್ತರ. ನಾನು ಹೊರಟ ಮೊದಲ ದಿನ ಹಾಲಿನವನು, ಎದುರು ಮನೆಯವರು, ಹೂವಿನವಳು ಮೂವರೂ "ಏನು, ಇಷ್ಟು ಹೊತ್ತಿಗೇ? ಎಲ್ಲಾ ಆರೋಗ್ಯ ತಾನೆ?" ಅಂದರು. ಹೆಂಗಸು ಬೆಳಿಗ್ಗೆ ಐದೂಮುಕ್ಕಾಲಿಗೆ ಗೇಟು ದಾಟಿದರೆ ಯಾರಿಗೋ ಹುಷಾರಿಲ್ಲ ಅಂತಲೇ ಅರ್ಥ. ಅದಕ್ಕಿಂತ ದೊಡ್ಡ ಅಡ್ಡಿ ನನ್ನ ತಲೆಯಲ್ಲೇ ಇತ್ತು. ನಾನಿಲ್ಲದ ಆ ನಲವತ್ತು ನಿಮಿಷದಲ್ಲಿ ಕಾಫಿ ಯಾರು ಮಾಡುತ್ತಾರೆ? ಮೊದಲ ವಾರ ರಾತ್ರಿಯೇ ಡಿಕಾಕ್ಷನ್ ಇಳಿಸಿ, ಲೋಟ ಜೋಡಿಸಿ, ಸಕ್ಕರೆ ಡಬ್ಬ ಎದುರಿಗಿಟ್ಟು, ಏನೋ ಅಪರಾಧ ಮಾಡಿ ಓಡಿಹೋಗುವವಳಂತೆ ಹೋಗುತ್ತಿದ್ದೆ. ಎರಡನೆಯ ವಾರ ಮರೆತೆ. ವಾಪಸ್ ಬಂದರೆ ಮನೆ ಅಲ್ಲೇ ಇತ್ತು. ಯಜಮಾನರು ಫಿಲ್ಟರಿನ ಮೇಲಿನ ಅರ್ಧ ಯಾವುದು, ಕೆಳಗಿನ ಅರ್ಧ ಯಾವುದು ಎಂಬುದನ್ನು ಇಪ್ಪತ್ತೆರಡು ವರ್ಷದ ಸಂಸಾರದ ನಂತರ ಸ್ವಂತ ಪ್ರಯತ್ನದಿಂದ ತಿಳಿದುಕೊಂಡಿದ್ದರು. ಕಾಫಿ ನೀರುನೀರಾಗಿತ್ತು. ಕುಡಿದೆ.

ಅಕ್ಟೋಬರಿನಲ್ಲಿ ಶುಗರ್ 5.9. ತೂಕ ಇಳಿದದ್ದು ಒಂದು ಕಿಲೋ ಚಿಲ್ಲರೆ. ನೆಂಟರ ಕಣ್ಣಿಗೆ ಏನೂ ಕಾಣಲಿಲ್ಲ, "ಎಲ್ಲಿ, ಹಾಗೇ ಇದ್ದೀಯಲ್ಲ" ಅಂದರು. ಅದೂ ನಿಜವೇ.

ಬಾಗಿಲು ಮುಂದಕ್ಕೆ

ಡಿಸೆಂಬರಿನಲ್ಲಿ ಅತ್ತೆಗೆ ಜ್ವರ ಬಂತು. ಹತ್ತು ಹನ್ನೆರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಜ್ವರ ಬಿಟ್ಟಿತು, ಬಾಯಿರುಚಿಯೂ ಬಂತು. ಅವರೆಕಾಯಿ ಕಾಲ, ಎರಡು ಕಿಲೋ ತರಿಸಿ, ಹಿತಕಿದ ಬೇಳೆ ಸಾರು ಆಗಬೇಕು ಅಂತ ನೆಲದ ಮೇಲೆ ಪೇಪರ್ ಹರಡಿಕೊಂಡು ಸುಲಿಯಲು ಕೂತರು. ನಾನೂ ಎದುರಿಗೆ ಕೂತೆ. ಒಂದು ಗಂಟೆ ಸುಲಿದಿದ್ದೇವೆ, ಬೆರಳಿಗೆಲ್ಲ ಸೊಗಡಿನ ಜಿಡ್ಡು. ಏಳಬೇಕು. ಅತ್ತೆ ಎಡಗೈ ಊರಿದರು, ಎದ್ದೇಳಲಾಗಲಿಲ್ಲ. ಎರಡೂ ಕೈ ಊರಿದರು. ಮಂಡಿ ಊರಿದರು. ಅರ್ಧಕ್ಕೆ ಹೋಗಿ ಮತ್ತೆ ಕೂತರು. ಸಿಪ್ಪೆಯ ರಾಶಿ ಕಡೆ ನೋಡುತ್ತಾ, "ಕಾಲು ಜೋಮು ಹಿಡ್ದಿದೆ" ಅಂದರು.

ಜೋಮಲ್ಲ ಎಂದು ನನಗೆ ಗೊತ್ತಿತ್ತು. ವಯಸ್ಸಾದವರು ಹತ್ತು ದಿನ ಮಲಗಿದರೆ ಕಾಲಿನ ಮಾಂಸಖಂಡ ಕರಗುವ ವೇಗ ಗಾಬರಿ ಹುಟ್ಟಿಸುವಂಥದ್ದು, ಕರಗಿದ್ದು ಮತ್ತೆ ಕೂಡಿಬರಲು ಅದರ ಎಷ್ಟೋ ಪಟ್ಟು ದಿನ ಬೇಕು. ಆ ಕ್ಷಣಕ್ಕೆ ಇದೆಲ್ಲ ಹೇಳಲು ಬಾಯಿ ಬರಲಿಲ್ಲ. ನೋಡಲು ತೋರಣವೂ ಇರಲಿಲ್ಲ. "ಹಿಡ್ಕೊಳ್ಳಿ ಅತ್ತೆ" ಅಂತ ಕೈ ಕೊಟ್ಟೆ.

ಮಾರನೆಯ ದಿನ ಬೆಳಿಗ್ಗೆ ಬೇಳೆ ಇಟ್ಟು ನಾನು ನನ್ನ ಸ್ಟೂಲು ತಂದುಕೊಂಡೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಆ ಪ್ಲಾಸ್ಟಿಕ್ ಕುರ್ಚಿ ಏನ್ ಮಾಡ್ದೆ?" ಅಂದರು. ಹಿತ್ತಲಿನಲ್ಲಿತ್ತು, ಒರೆಸಿ ತಂದು ಗೋಡೆಗೆ ಆನಿಸಿ ಇಟ್ಟೆ, ಜಾರದ ಹಾಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. ಕೈ ಎಲ್ಲಿಡಬೇಕು ಅಂತ ಕೇಳಿದರು. ಎದೆಯ ಮೇಲೆ ಆಗದಿದ್ದರೆ ತೊಡೆಯ ಮೇಲಿರಲಿ ಅಂದೆ. ಏಳುವ ಮುಂಚೆ ಹಾಲಿನ ಕಡೆ ಕತ್ತು ತಿರುಗಿಸಿ ನೋಡಿದರು. ಮಗ ಅಲ್ಲೇ ಕೂತು ಪೇಪರ್ ಓದುತ್ತಿದ್ದ.

"ಬಾಗಿಲು ಒಸಿ ಮುಂದಕ್ಕೆ ಹಾಕೇ" ಅಂದರು.

ಹಾಕಿದೆ.